ಬೇಲಿಯಾಚೆಯ ಎರಡನೇ ಹೂವು

ವಿಮಾನ ನಿಲ್ದಾಣ

ಅಮೆರಿಕದಲ್ಲಿ ಕಾಲಿಟ್ಟ ಸ್ವಲ್ಪ ಹೊತ್ತಿಗೇ ನನ್ನ ಕರಿಬೇವು ಹೋಯಿತು. ಅಕ್ಕ ಫೋನಿನಲ್ಲಿ ಆಸೆಪಟ್ಟು ಕೇಳಿದ್ದಳೆಂದು ಮೈಸೂರಿನ ನಮ್ಮ ಹಿತ್ತಲಿನ ಗಿಡದಿಂದ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ನಡುವೆ ಮಲಗಿಸಿಕೊಂಡು ಹೋಗಿದ್ದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೂಟ್‌ಕೇಸು ಇಳಿಸಿಕೊಂಡು ನಿಂತಿದ್ದಾಗ ಒಂದು ಪುಟ್ಟ ನಾಯಿ ಬಂದು ಅದರ ಪಕ್ಕ ಶಿಸ್ತಾಗಿ ಕುಳಿತುಬಿಟ್ಟಿತು. ಎಷ್ಟು ಮುದ್ದಾಗಿದೆ ಎಂದು ನಾನು ನಗುತ್ತಿರುವಾಗಲೇ ಅದರ ಹಗ್ಗ ಹಿಡಿದಿದ್ದ ಹೆಂಗಸು ಸೂಟ್‌ಕೇಸು ತೆರೆಸಿ, ಕಟ್ಟನ್ನು ಎರಡು ಬೆರಳಿನಲ್ಲಿ ಎತ್ತಿ ಡಬ್ಬಿಗೆ ಹಾಕಿದಳು. ಉದ್ಯೋಗ ಏನೆಂದು ಕೇಳಿದಳು. "ಕಾಲೇಜಿನಲ್ಲಿ ಬಾಟನಿ ಪಾಠ ಹೇಳುತ್ತಿದ್ದೆ, ಈಗ ನಿವೃತ್ತಿ" ಎಂದೆ. ಆಕೆ ನಗಲಿಲ್ಲ, ಅದೇ ದೊಡ್ಡ ಉಪಕಾರ.

ಹೊರಗೆ ಕಾಯುತ್ತಿದ್ದ ಶಾರದಕ್ಕ ಮೊದಲು ಕೇಳಿದ್ದೇ ಕರಿಬೇವನ್ನು. ನಾಯಿಯ ಕಥೆ ಹೇಳಿದೆ.

"ಹೋಗ್ಲಿ ಬಿಡೆ ವಿಮಲ. ಗ್ರೋಸರೀಲಿ ಸಿಗತ್ತೆ. ನಮ್ಮನೆ ಗಿಡದ್ದು ಅಂತ ಒಂದು ಆಸೆ, ಅಷ್ಟೆ" ಎಂದಳು.

ನಮ್ಮನೆ ಗಿಡದ್ದು ಎನ್ನುವುದಕ್ಕೂ ಅಂಗಡಿಯದ್ದು ಎನ್ನುವುದಕ್ಕೂ ಇರುವ ವ್ಯತ್ಯಾಸ ಎಷ್ಟು ದೊಡ್ಡದೆಂದು ಆ ದಿನ ನನಗೆ ಹೊಳೆದಿರಲಿಲ್ಲ. ಅದು ತಿಳಿಯುವುದಕ್ಕೆ ಒಂದು ವಾರವೇ ಸಾಕಾಯಿತು.

ಬರ್ಕ್ಲಿ

ಅಕ್ಕನ ಮನೆ ಬರ್ಕ್ಲಿಯ ಗುಡ್ಡದ ಓರೆಯಲ್ಲಿದೆ. ಮೇ ತಿಂಗಳು. ಮೈಸೂರಿನಲ್ಲಿ ಫ್ಯಾನಿನ ಕೆಳಗೆ ಬೇಯುತ್ತಿದ್ದವಳು ಇಲ್ಲಿ ಭಾವನ ಸ್ವೆಟರು ಹಾಕಿಕೊಂಡು ಕಾಫಿ ಕುಡಿದೆ. ಬೆಳಿಗ್ಗೆ ಕಿಟಕಿಯಾಚೆ ಬರೀ ಮಂಜು. ಹತ್ತು ಗಂಟೆಗೆ ಯಾರೋ ಪರದೆ ಸರಿಸಿದ ಹಾಗೆ ಕೆಳಗೆ ಊರು, ಅದರಾಚೆ ಕೊಲ್ಲಿಯ ನೀರು ಕಾಣಿಸುತ್ತದೆ. ಬೀದಿಯಲ್ಲಿ ನಡೆಯುವವರೆಲ್ಲ ಗುರುತಿಲ್ಲದಿದ್ದರೂ ನಕ್ಕು ಹೋಗುತ್ತಾರೆ. ಮೊದಲ ದಿನ ಒಬ್ಬಾಕೆ "ಹೇಗಿದ್ದೀರಿ?" ಎಂದಾಗ ನಾನು ನಿಂತು, ಮಂಡಿನೋವಿನಿಂದ ಶುರುಮಾಡಿ ಉತ್ತರ ಹೇಳತೊಡಗಿದೆ. ಆಕೆ ಆಗಲೇ ನಾಲ್ಕು ಮನೆ ದಾಟಿಯಾಗಿತ್ತು.

ಈ ಊರಿಗೆ ಬಂದು ಎಷ್ಟೋ ವರ್ಷವಾದರೂ ಶಾರದಕ್ಕ ಮೈಸೂರಿನ ಒಂದು ಅಭ್ಯಾಸವನ್ನು ಬಿಟ್ಟಿಲ್ಲ. ನಮ್ಮಲ್ಲಿ ಬೆಳಗಿನ ವಾಕಿಂಗ್ ಎಂದರೆ ಅರ್ಧ ವ್ಯಾಯಾಮ, ಅರ್ಧ ಹೂಗಳ್ಳತನ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಕಂಡವರ ಕಾಂಪೌಂಡಿನಿಂದ ಹೊರಗೆ ಬಾಗಿದ ದಾಸವಾಳ, ಕಣಗಿಲೆ ಎಲ್ಲ ಅದರೊಳಗೆ. ಮನೆಯವರು ನೋಡಿದರೂ ಬೈಯುವುದಿಲ್ಲ, ಯಾಕೆಂದರೆ ಅವರೂ ಅದೇ ಹೊತ್ತಿಗೆ ಮುಂದಿನ ಬೀದಿಯಲ್ಲಿ ಕೊಯ್ಯುತ್ತಿರುತ್ತಾರೆ. ದೇವರಿಗೆ ಅಂತ ಕಿತ್ತರೆ ಕಳ್ಳತನವಲ್ಲ ಎಂದು ನಮಗೆ ನಾವೇ ತೀರ್ಪು ಕೊಟ್ಟುಕೊಂಡಿದ್ದೇವೆ.

ಅಕ್ಕ ಈ ತೀರ್ಪನ್ನು ಬರ್ಕ್ಲಿಗೂ ತಂದಳು. ಬಂದ ಹೊಸದರಲ್ಲಿ ಪಕ್ಕದ ಮನೆಯ ಗುಲಾಬಿಗೆ ಕೈಹಾಕಿ ಸಿಕ್ಕಿಬಿದ್ದಳಂತೆ. ಆ ಮನೆಯವರು ನೈಜೀರಿಯಾದ ದಂಪತಿ, ಒಬಿ ಮತ್ತು ಇಫೋಮಾ. ಅಕ್ಕ ನಾಚಿಕೆಯಿಂದ "ದೇವರಿಗೆ" ಎಂದಾಗ ಇಫೋಮಾ ಬಿದ್ದುಬಿದ್ದು ನಕ್ಕು, "ದೇವರಿಗಾದರೆ ನನ್ನನ್ನೇಕೆ ಕೇಳಬೇಕು? ತೋಟದಲ್ಲಿ ಅರಳಿದ್ದೆಲ್ಲ ನಿಮ್ಮದೇ" ಎಂದರಂತೆ. ಅಂದಿನಿಂದ ನಡುವಿನ ಬೇಲಿಯ ಪುಟ್ಟ ಗೇಟಿಗೆ ಚಿಲಕವಿಲ್ಲ. ಇಫೋಮಾ ತೀರಿಕೊಂಡ ಮೇಲೂ ಒಬಿಯವರು ಆ ಚಿಲಕ ಹಾಕಿಲ್ಲ. ಅಕ್ಕ ದಿನಾ ಬೆಳಿಗ್ಗೆ ಹೋಗುತ್ತಾಳೆ, ಬೇಕಾದಷ್ಟು ತರುತ್ತಾಳೆ, ಯುಗಾದಿಗೆ ಒಬ್ಬಟ್ಟು ಕೊಡುತ್ತಾಳೆ.

ಗಾಜಿನ ಮನೆ

ಆ ತೋಟದ ಮೂಲೆಯಲ್ಲಿ ಹಳೇ ಕಿಟಕಿಗಳನ್ನು ಜೋಡಿಸಿ ಮಾಡಿದ ಒಂದು ಗಾಜಿನ ಮನೆ ಇತ್ತು. "ಅದರೊಳಗೆ ಬರೀ ಎಲೆ ಗಿಡ ಕಣೆ, ಒಂದು ಹೂ ಬಿಟ್ಟಿದ್ದಿಲ್ಲ" ಎಂದು ಅಕ್ಕ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಬಾಟನಿ ಮೇಡಂ ಬಂದಿದ್ದಾರೆಂದು ತಿಳಿದ ಒಬಿಯವರು ನನ್ನನ್ನು ಒಳಗೆ ಕರೆದರು. ಎಪ್ಪತ್ತು ದಾಟಿದ, ಎತ್ತರದ, ಮೆಲ್ಲಗೆ ಮಾತಾಡುವ ಮನುಷ್ಯ. ಹೀಟರಿನ ಸದ್ದು, ನೆನೆದ ಮಣ್ಣಿನ ವಾಸನೆ. ಬಾಗಿಲು ದಾಟಿದ ಕೂಡಲೇ ನನ್ನ ಕನ್ನಡಕ ಮಂಜಾಯಿತು. ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಹಾಗಾಯಿತು.

ಕನ್ನಡಕ ಒರೆಸಿಕೊಂಡು ನೋಡಿದರೆ ನನ್ನೆದುರು ಮೊನೊಡೋರ ನಿಂತಿತ್ತು.

ಮೊನೊಡೋರ ಎಂದರೆ ಆಫ್ರಿಕಾದ ಮಳೆಕಾಡುಗಳ ದೊಡ್ಡ ಮರಗಳ ನೆರಳಿನಲ್ಲಿ ಬೆಳೆಯುವ ಸಣ್ಣ ಮರಗಳ, ಪೊದೆಗಳ ಒಂದು ಕುಲ. ನಮ್ಮ ಸೀತಾಫಲ, ಮನೋರಂಜಿನಿಗಳ ಕುಟುಂಬದ್ದೇ. ಅದರ ಹೂವಿನ ಚಿತ್ರವನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ; ಕಣ್ಣಾರೆ ಕಂಡಿರಲಿಲ್ಲ. ಈಗ ನನ್ನ ಮೂಗಿನ ಮಟ್ಟಕ್ಕೆ ಉದ್ದ ತೊಟ್ಟಿನ ತುದಿಯಲ್ಲಿ ಒಂದು ಹೂವು ತೂಗುತ್ತಿತ್ತು. ಅಂಚೆಲ್ಲ ಅಲೆ ಅಲೆಯಾದ ಹಳದಿ ದಳ, ಅದರ ಮೇಲೆ ಯಾರೋ ಕುಂಕುಮದ ನೀರು ಚಿಮುಕಿಸಿದಂತೆ ಕೆಂಪು ಚುಕ್ಕೆ. ನನ್ನ ಕಣ್ಣು ತುಂಬಿ ಬಂತು. ಅರವತ್ತು ದಾಟಿದವಳು ಒಂದು ಹೂವಿಗೆ ಅಳುವುದೇ ಎಂದು ನೀವು ನಗಬಹುದು, ನಗಿ.

ಒಬಿಯವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ. ಈ ಗಿಡವನ್ನು ಬೀಜ ಹಾಕಿ ಎಬ್ಬಿಸಿದ್ದು ಇಫೋಮಾ. ಅವರ ತಾಯಿಯ ಮನೆಯ ಹಿಂದಿನ ಮರದ ಬೀಜ. ಅದು ನಾಯಿಯ ಮೂಗನ್ನು ದಾಟಿ ಹೇಗೆ ಬಂತೆಂದು ನಾನು ಕೇಳಲಿಲ್ಲ. ಪ್ರತಿ ವರ್ಷ ಈ ಸಲ ಹೂ ಬಿಡುತ್ತದೆ ಎಂದು ಕಾದು, ಆಕೆ ಹೂ ನೋಡದೆಯೇ ಹೋದರು. ಆಕೆ ಹೋದ ಮೇಲಿನ ಎರಡನೇ ವಸಂತದಲ್ಲಿ, ಅಂದರೆ ಈ ಸಲ, ಗಿಡ ಮೊದಲ ಬಾರಿಗೆ ಹೂ ಬಿಟ್ಟಿತು. ಎರಡೇ ಎರಡು: ಒಂದು ಅರಳಿತ್ತು, ಇನ್ನೊಂದು ಮೊಗ್ಗು.

"ಮುಂದಿನ ವರ್ಷ ಈ ಮನೆ ಬಿಟ್ಟು ಮಗಳ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೇನೆ. ಈ ಮರವನ್ನು ಕಿತ್ತು ಒಯ್ಯುವುದಕ್ಕಾಗುವುದಿಲ್ಲ, ಬೇರು ಆಳಕ್ಕೆ ಹೋಗಿದೆ. ಒಂದು ಕಾಯಿ ಕಚ್ಚಿದರೆ ಸಾಕು. ಬೀಜದಿಂದ ಕುಂಡದಲ್ಲಿ ಒಂದು ಸಸಿ ಎಬ್ಬಿಸಿ ಅವಳನ್ನು ಜೊತೆಗೆ ಕರೆದೊಯ್ಯುತ್ತೇನೆ" ಎಂದರು.

ಅವಳನ್ನು ಎಂದೇ ಹೇಳಿದರು. ನಾನು ಸರಿಯಾಗಿಯೇ ಕೇಳಿಸಿಕೊಂಡೆ.

ಆದರೆ ಅಲ್ಲಿ ಕಾಯಿ ಕಚ್ಚುವುದು ಸುಲಭವಲ್ಲ. ಇದರ ಮದುವೆ ಮಾಡಿಸುವ ಕೀಟಗಳು ಆಫ್ರಿಕಾದ ಕಾಡಿನಲ್ಲಿವೆ, ಬರ್ಕ್ಲಿಯಲ್ಲಿಲ್ಲ. ಮೇಲಾಗಿ ಸೀತಾಫಲದ ಹಾಗೆ ಈ ಹೂವು ಮೊದಲು ಹೆಣ್ಣು, ಆಮೇಲೆ ಗಂಡು. ತನ್ನ ಪರಾಗ ಉದುರುವ ಹೊತ್ತಿಗೆ ಅದನ್ನು ಹಿಡಿದುಕೊಳ್ಳುವ ಶಲಾಕಾಗ್ರ ಒಣಗಿರುತ್ತದೆ. ಹಾಗಾಗಿ ಒಂದು ಹೂವಿನ ಪರಾಗವನ್ನು ತೆಗೆದಿಟ್ಟು, ಇನ್ನೊಂದು ಅರಳಿದ ಕೂಡಲೇ ಕುಂಚದಿಂದ ಸವರಬೇಕು. ಸೀತಾಫಲಕ್ಕೆ ನಾನೇ ವಿದ್ಯಾರ್ಥಿಗಳಿಂದ ಹೀಗೆ ಮಾಡಿಸಿದ್ದೇನೆ. "ನಾನು ಮಾಡಿಕೊಡುತ್ತೇನೆ" ಎಂದೆ. ಒಬಿಯವರು ನನ್ನ ಎರಡೂ ಕೈ ಹಿಡಿದುಕೊಂಡರು.

ಮಾರನೇ ದಿನ ಅಕ್ಕನಿಂದ ಕುಂಕುಮದ ಒಂದು ಖಾಲಿ ಭರಣಿ ಇಸಿದುಕೊಂಡೆ. "ಏನಕ್ಕೆ?" ಎಂದಳು. "ಒಂದು ಪ್ರಯೋಗ" ಎಂದೆ. ಅಕ್ಕ ಮುಂದೆ ಕೇಳಲಿಲ್ಲ. ನನ್ನ ಪ್ರಯೋಗಗಳ ವಿವರ ಕೇಳಿ ಹಿಂದೆ ಅನುಭವಿಸಿದ್ದಾಳೆ. ಮೊದಲ ಹೂವಿನ ಪರಾಗವನ್ನು ಭರಣಿಗೆ ಉದುರಿಸಿಕೊಂಡು ಒಬಿಯವರ ಫ್ರಿಜ್ಜಿನಲ್ಲಿಟ್ಟೆವು. ಆ ಸಂಜೆಯೇ ಮೊದಲ ಹೂವು ಕಳಚಿ ಬಿತ್ತು. ಇನ್ನು ಉಳಿದದ್ದು ಎರಡನೆಯದೊಂದೇ.

ಓಕ್‌ಲ್ಯಾಂಡಿನ ಅಂಗಡಿ

ಮೊಗ್ಗು ಅರಳಲು ಕಾಯುತ್ತಿದ್ದಾಗ ಒಬಿಯವರು ನನ್ನನ್ನು ಓಕ್‌ಲ್ಯಾಂಡಿನ ಒಂದು ಆಫ್ರಿಕನ್ ಅಂಗಡಿಗೆ ಕರೆದುಕೊಂಡು ಹೋದರು. ಒಣಮೀನು, ಗೆಣಸು, ತಾಳೆ ಎಣ್ಣೆಗಳ ನಡುವೆ ಗೋಲಿಯಂಥ ಕಂದು ಬೀಜಗಳ ಪೊಟ್ಟಣ: ಇದೇ ಮೊನೊಡೋರ, ಅವರ ಮಾತಿನಲ್ಲಿ ಎಹುರು. ಹುರಿದು ಪುಡಿ ಮಾಡಿ ಖಾರದ ಸಾರಿಗೆ ಹಾಕುತ್ತಾರಂತೆ. ಮೂಸಿದೆ. ಜಾಯಿಕಾಯಿಯ ಅಕ್ಕನೋ ತಂಗಿಯೋ ಎನ್ನುವಂಥ ಘಮ.

ಅಂಗಡಿಯ ಹೆಂಗಸು, "ಬಾಣಂತಿಗೆ ಇದರ ಸಾರು ಕೊಡಲೇಬೇಕು" ಎಂದಳು. ನಮ್ಮಲ್ಲಿ ಮಗುವಿಗೆ ಜಾಯಿಕಾಯಿ ತೇಯ್ದು ನೆಕ್ಕಿಸುತ್ತೇವೆ ಎಂದೆ. ಇಬ್ಬರೂ ಬಹಳ ದಿನದ ಪರಿಚಯದವರಂತೆ ಬಾಣಂತನದ ಮಾತಿಗೆ ಬಿದ್ದೆವು. ಪಾಪ, ಒಬಿಯವರು ಗೆಣಸುಗಳನ್ನು ನೋಡುತ್ತ ನಿಂತರು.

ಬರುವಾಗ ಕಾರಿನಲ್ಲಿ ಪೆದ್ದು ಪ್ರಶ್ನೆಯೊಂದು ಕೇಳಿದೆ: "ಈ ಬೀಜವನ್ನೇ ಬಿತ್ತಬಹುದಲ್ಲ?"

"ಒಣಗಿದ್ದು ಮೊಳೆಯುವುದಿಲ್ಲ, ಪ್ರಯತ್ನಿಸಿದ್ದೇನೆ. ಮೊಳೆತರೂ ಅದು ಬೇರೆ ಯಾರದೋ ಮರ" ಎಂದರು.

ನನಗೆ ಕರಿಬೇವು ನೆನಪಾಯಿತು.

ಗುರುವಾರದ ಊಟ

ಗುರುವಾರ ಸಂಜೆ ಮೊಗ್ಗಿನ ದಳಗಳು ಬಿರಿಯತೊಡಗಿದ್ದವು. ನಾಳೆ ಬೆಳಗಾದ ಮೇಲೆ ಕೆಲಸ ಎಂದು ಮಾತಾಡಿಕೊಂಡೆವು. ನನಗೆ ಖುಷಿ ತಡೆಯದು. ಊಟಕ್ಕೆ ಕುಳಿತಾಗ ಬಾಯಿಬಿಟ್ಟೆ.

"ಅಕ್ಕ, ಒಬಿಯವರ ಗಾಜಿನ ಮನೇಲಿ ಒಂದು ಹೂ ಅರಳ್ತಿದೆ. ಜನ್ಮದಲ್ಲಿ ಅಂಥದ್ದು ನೋಡಿಲ್ಲ ನೀನು. ಹಳದಿ ರೇಷ್ಮೆ ಮೇಲೆ ಕುಂಕುಮ ಚೆಲ್ಲಿದ ಹಾಗಿದೆ. ದೇವಿ ಮುಡೀಬೇಕು, ಅಂಥ ಹೂ!"

"ಹೌದೇನೆ? ಅಲ್ಲೂ ಹೂ ಬಿಡ್ತಾ?" ಎಂದಳು ಅಕ್ಕ.

"ಅದರದ್ದು ದೊಡ್ಡ ಕಥೆ..." ಎನ್ನುವಷ್ಟರಲ್ಲಿ ರಘು ಭಾವ ಬಾಗಿಲು ತಳ್ಳಿಕೊಂಡು ಬಂದರು. ಅವರ ಆಫೀಸು ಕೊಲ್ಲಿಯಾಚೆ ಫಾಸ್ಟರ್ ಸಿಟಿಯಲ್ಲಿ. "ಅಯ್ಯೋ, ಬ್ರಿಜ್ಜು ಪೂರ್ತಿ ಜಾಮು! ಮೀಟಿಂಗು ಲೇಟು, ಫ್ರೀವೇಲಿ ಆಕ್ಸಿಡೆಂಟು ಬೇರೆ. ಶಾರದಾ, ಮೊದ್ಲು ಅನ್ನ ಹಾಕು" ಎಂದರು. ಮಾತು ಸೇತುವೆಯ ಕಡೆಗೆ ಹೋಯಿತು, ಅಲ್ಲಿಂದ ಮೈಸೂರಿನ ರಿಂಗ್ ರೋಡಿಗೆ ಬಂತು. ನಾಳೆ ಕೆಲಸ ಮುಗಿದ ಮೇಲೆ ಎಲ್ಲ ಸಾವಕಾಶವಾಗಿ ಹೇಳಿದರಾಯಿತು ಎಂದು ನಾನೂ ಸುಮ್ಮನಾದೆ. ಅರ್ಧ ಹೇಳಿ ನಿಲ್ಲಿಸಿದ ಮಾತು ಹೇಳದೇ ಇದ್ದ ಮಾತಿಗಿಂತ ಕೆಟ್ಟದ್ದೆಂದು ಯಾರೂ ನನಗೆ ಕಲಿಸಿರಲಿಲ್ಲ.

ಶುಕ್ರವಾರ

ಬಂದಾಗಿನಿಂದ ನಿದ್ದೆಯಿಲ್ಲದವಳಿಗೆ ಆ ರಾತ್ರಿಯೇ ಒಳ್ಳೇ ನಿದ್ದೆ ಬರಬೇಕೆ? ಮಂಗಳಾರತಿಯ ಗಂಟೆಯ ಸದ್ದಿಗೆ ಎದ್ದೆ. ಮುಖ ತೊಳೆದು ಅಡುಗೆಮನೆಗೆ ಬಂದರೆ ಅಕ್ಕ ದೇವರ ಗೂಡಿನ ಮುಂದೆ ತುಂಬು ಮುಖದಿಂದ ನಿಂತಿದ್ದಳು.

"ನೋಡೆ ವಿಮಲ, ದೇವಿ ಹೇಗೆ ಕಾಣ್ತಿದಾಳೆ! ನೀನು ರಾತ್ರಿ ಅಷ್ಟು ಹೊಗಳಿದ್ಯಲ್ಲ, ಅದಕ್ಕೇ ಎದ್ದ ಕೂಡ್ಲೇ ಹೋಗಿ ತಂದೆ. ಶುಕ್ರವಾರ ಬೇರೆ."

ಚಾಮುಂಡೇಶ್ವರಿಯ ಪಟದ ಮೇಲೆ ಎರಡನೇ ಹೂವು ಇತ್ತು.

ಹತ್ತಿರ ಹೋಗಿ ದಳ ಸರಿಸಿ ನೋಡಿದೆ. ಬಾಟನಿ ಓದಿದವರ ಕೆಟ್ಟ ಚಟ. ಶಲಾಕಾಗ್ರ ಜೇನು ಸವರಿದಂತೆ ಅಂಟಂಟಾಗಿ ಹೊಳೆಯುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಸಿದ್ಧವಾಗಿತ್ತು ಹೂವು. ಅದು ಒಣಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲವೇನೋ.

"ಯಾಕೆ? ಏನಾಯ್ತೆ?" ಎಂದಳು ಅಕ್ಕ.

ಹೇಳಿದೆ. ಈ ಸಲ ಪೂರ್ತಿ ಹೇಳಿದೆ. ಅಕ್ಕ ಕುರ್ಚಿ ಎಳೆದುಕೊಂಡು ಕುಳಿತಳು. ತಟ್ಟೆಯಲ್ಲಿ ಕರ್ಪೂರ ಉರಿದು ಮುಗಿಯಿತು. ಭಾವ ಮೆಲ್ಲಗೆ, "ಈ ಕಡೆ ರಕೂನು ಕಾಟ ಜಾಸ್ತಿ. ಅದೇ ತಿಂತು ಅಂದ್ರೆ ಅವರಿಗೂ ನೋವು ಕಮ್ಮಿ..." ಎಂದರು.

"ಸುಮ್ನಿರಿ. ಕಿತ್ತಿದ್ದು ನಾನು, ಹೇಳೋಳೂ ನಾನೇ" ಎಂದಳು ಅಕ್ಕ. ಎದ್ದು ಗೂಡಿನ ಮುಂದೆ ಕೈಮುಗಿದಳು. "ನಿನಗೆ ಏರಿಸಿದ್ದನ್ನ ವಾಪಸ್ ತೆಗೀಬಾರ್ದು, ಗೊತ್ತು. ಆದ್ರೂ ತೆಗೀತೀನಿ ತಾಯಿ" ಎಂದು ಹೂವನ್ನು ಬೆಳ್ಳಿ ತಟ್ಟೆಗೆ ತೆಗೆದುಕೊಂಡಳು.

ಒಬಿಯವರು ಆಗಲೇ ಗಾಜಿನ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಕುಂಕುಮದ ಭರಣಿ. ತಟ್ಟೆ ನೋಡಿದರು. ಅಕ್ಕನ ಇಂಗ್ಲಿಷು ಚೆನ್ನಾಗಿಯೇ ಇದೆ, ಆದರೆ ಆ ಗಳಿಗೆಯಲ್ಲಿ "ನಾನು, ದೇವರಿಗೆ, ಗೊತ್ತಿರಲಿಲ್ಲ" ಎಂಬ ಮೂರು ತುಂಡು ಬಿಟ್ಟು ಬೇರೇನೂ ಬರಲಿಲ್ಲ. ಅವರು ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು. ಅವರು ಅಕ್ಕನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಮೇಡಂ, ಇನ್ನೂ ಆಗುತ್ತದೆಯೇ?"

ಪಾಠ ಹೇಳಿದ ಅಷ್ಟೂ ವರ್ಷಗಳಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಾರದ ಪ್ರಶ್ನೆ ಅದೊಂದೇ. "ಇಲ್ಲ" ಎಂದೆ. "ಗಿಡದಿಂದ ಬೇರೆಯಾದ ಮೇಲೆ ಕಾಯಿ ಕಟ್ಟುವುದಿಲ್ಲ."

ಅವರು ತಲೆಯಾಡಿಸಿದರು. ಒಳಗೆ ಹೋಗಿ ಒಂದು ಗಾಜಿನ ಲೋಟದಲ್ಲಿ ನೀರು ತಂದರು. ಹೂವನ್ನು ಅದರಲ್ಲಿ ನಿಲ್ಲಿಸಿ, ಗಿಡದ ಬುಡದಲ್ಲಿಟ್ಟು, ಕುಂಚವನ್ನು ನನ್ನ ಕಡೆ ಚಾಚಿದರು. "ಆದರೂ ಮಾಡಿ" ಎಂದರು.

ಮಾಡಿದೆ. ಭರಣಿಯ ಪರಾಗವನ್ನು ಕುಂಚದ ತುದಿಗೆ ಅಂಟಿಸಿಕೊಂಡು, ವಿದ್ಯಾರ್ಥಿಗಳಿಗೆ ತೋರಿಸುವಷ್ಟೇ ಜಾಗ್ರತೆಯಿಂದ ಸವರಿದೆ. ಏನೂ ಆಗುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಒಬಿಯವರು ತಮ್ಮ ಭಾಷೆಯಲ್ಲಿ ಏನೋ ಮೆಲ್ಲಗೆ ಹೇಳಿದರು. ಅದರಲ್ಲಿ ಇಫೋಮಾ ಎಂಬ ಹೆಸರೊಂದೇ ನನಗೆ ತಿಳಿಯಿತು. ಅಕ್ಕ ಖಾಲಿ ತಟ್ಟೆಯನ್ನು ಎದೆಗವಚಿಕೊಂಡು ಬಾಗಿಲಾಚೆಯೇ ನಿಂತಿದ್ದಳು.

ಹೊರಡುವಾಗ ಅವರು ಅಕ್ಕನಿಗೆ ಒಂದೇ ಮಾತು ಹೇಳಿದರು: "ಗುಲಾಬಿ ಎಂದಿನಂತೆ ನಿಮ್ಮದೇ. ಅದು ಅವಳು ಕೊಟ್ಟ ಮಾತು."

ಫಾಸ್ಟರ್ ಸಿಟಿ

ಶನಿವಾರ ಭಾವ ನಮ್ಮಿಬ್ಬರನ್ನೂ ಬಲವಂತವಾಗಿ ಕಾರಿಗೆ ಹತ್ತಿಸಿ ತಮ್ಮ ಆಫೀಸಿನ ಊರು ತೋರಿಸಲು ಕರೆದೊಯ್ದರು. ಫಾಸ್ಟರ್ ಸಿಟಿಯಲ್ಲಿ ಮನೆಗಳ ಹಿಂಬಾಗಿಲಿಗೇ ನೀರು. ನಮ್ಮಲ್ಲಿ ಸ್ಕೂಟರು ನಿಲ್ಲಿಸುವಂತೆ ಇಲ್ಲಿ ದೋಣಿ ಕಟ್ಟಿರುತ್ತಾರೆ. ಬಾತುಕೋಳಿಗಳು ರಸ್ತೆ ದಾಟಿದರೆ ಕಾರುಗಳು ಸಾಲಾಗಿ ನಿಂತು ಕಾಯುತ್ತವೆ. ಬೇರೆ ದಿನವಾಗಿದ್ದರೆ ಇದರ ಮೇಲೆ ಅರ್ಧ ಗಂಟೆ ಜೋಕು ಮಾಡುತ್ತಿದ್ದೆ.

ಭಾವ ಕಾಫಿ ತರಲು ಹೋದಾಗ ಅಕ್ಕ ನೀರು ನೋಡುತ್ತಲೇ ಕೇಳಿದಳು. "ನೀನು ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳ್ತಿದ್ದೆ ಅಕ್ಕ. ಭಾವ ಬಂದ್ರು, ಮಾತು ತಪ್ಪಿಹೋಯ್ತು."

"ಹೂ ಚೆನ್ನಾಗಿದೆ ಅಂತ ಮಾತ್ರ ಹೇಳ್ದೆ. ಚೆನ್ನಾಗಿರೋ ಹೂ ಕಂಡ್ರೆ ನಾನು ಏನ್ಮಾಡ್ತೀನಿ ಅಂತ ನಿಂಗೆ ಗೊತ್ತಿರ್ಲಿಲ್ವಾ? ಚಿಕ್ಕೋಳಿದ್ದಾಗಿಂದ ನೋಡಿದೀಯ."

ಗೊತ್ತಿತ್ತು. ಪ್ರಪಂಚದ ಯಾವ ಮೂಲೆಯ ಹೂವು ಯಾವಾಗ ಹೆಣ್ಣು, ಯಾವಾಗ ಗಂಡು ಎಂಬುದು ನನಗೆ ಗೊತ್ತು. ಬೆಳಿಗ್ಗೆ ಎದ್ದ ಕೂಡಲೇ ನನ್ನಕ್ಕ ಏನು ಮಾಡುತ್ತಾಳೆ ಎಂಬುದನ್ನು ಯೋಚಿಸಲಿಲ್ಲ. ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಆದರೆ ಅವಳೂ ಹಿಡಿಯಲಿಲ್ಲ. ಭಾವ ತಂದ ಕಾಫಿ ಮೂವರೂ ಕುಡಿದು ಮನೆಗೆ ಬಂದೆವು.

ನಾನು ಹೊರಡುವ ದಿನ ಒಬಿಯವರು ಬೇಲಿಯ ಹತ್ತಿರ ಬಂದು ಕುಂಕುಮದ ಭರಣಿಯನ್ನು ತೊಳೆದು ಹಿಂತಿರುಗಿಸಿದರು. ಲೋಟದ ಹೂವು ಹಿಂದಿನ ದಿನ ಉದುರಿತು ಎಂದರು. ಮುಂದಿನ ವಸಂತದಲ್ಲಿ ಮತ್ತೆ ಬಿಡುತ್ತದೆ ಎಂದು ನಾನು ಹೇಳಿದೆ. "ಬಿಡಬಹುದು. ಆಗ ಇಲ್ಲಿ ಯಾರಿರುತ್ತಾರೋ" ಎಂದರು.

ಮೈಸೂರು

ಬಂದು ವರ್ಷವಾಗುತ್ತ ಬಂತು. ಅಮೆರಿಕದಲ್ಲಿ ಏನು ನೋಡಿದೆ ಎಂದು ಕೇಳಿದವರಿಗೆಲ್ಲ ಸೇತುವೆ, ಮಂಜು, ಬಾತುಕೋಳಿ ಎಂದು ಹೇಳುತ್ತೇನೆ. ಮೊನೊಡೋರವನ್ನು ಕಂಡೆ ಎಂದು ಯಾರಿಗೂ ಹೇಳಿಕೊಂಡಿಲ್ಲ. ಹೇಳಿದರೆ ಹೂ ಹೇಗಿತ್ತು ಎಂದು ಕೇಳುತ್ತಾರೆ. ಮತ್ತೆ ಅದನ್ನು ಹೊಗಳಬೇಕಾಗುತ್ತದೆ.

ಚಳಿಗಾಲದಲ್ಲೇ ಒಬಿಯವರು ಮಗಳ ಮನೆಗೆ ಹೋದರಂತೆ. ಮನೆಗೆ ಬಂದ ಹೊಸಬರು ಒಳ್ಳೆಯವರೇ, ಆದರೆ ಗಾಜಿನ ಮನೆಯ ಹೀಟರು ಹಾಕುವುದು ಅವರಿಗೆ ತಿಳಿಯದು. ಅಕ್ಕ ಹೇಳಿಕೊಟ್ಟು ಬರುವಷ್ಟರಲ್ಲಿ ಎಲೆಗಳೆಲ್ಲ ಕಪ್ಪಾಗಿದ್ದವು.

ಕಳೆದ ಶುಕ್ರವಾರ ವೀಡಿಯೋ ಕಾಲ್ ಮಾಡಿದಾಗ ಅವಳು ಪೂಜೆಗೆ ಕುಳಿತಿದ್ದಳು. ಫೋನನ್ನು ಗೂಡಿನ ಪಕ್ಕ ಒರಗಿಸಿ, "ಮಾತಾಡ್ತಿರು, ಆಯ್ತು" ಎಂದಳು. ಒರಗಿಸುವಾಗ ಕಂಡ ಪಟದ ಮೇಲೆ ಒಂದು ಹೂವೂ ಇರಲಿಲ್ಲ. ಹೂವು ಏರಿಸಬೇಕಾದ ಜಾಗಕ್ಕೆ ಬಂದಾಗ ಅವಳು ಬಟ್ಟಲಿನಿಂದ ಅಕ್ಷತೆ ತೆಗೆದುಕೊಂಡಳು. ಹೂವು ಸಿಗದಿದ್ದರೆ ಅದರ ಬದಲು ಅಕ್ಷತೆ ಹಾಕಬಹುದೆಂದು ನಮ್ಮ ಪೂಜೆಯಲ್ಲೇ ಇದೆ. ಹೂವಿಲ್ಲದ ಬಡವರಿಗೆ, ಪ್ರಯಾಣದಲ್ಲಿರುವವರಿಗೆ ಮಾಡಿಟ್ಟ ಅನುಕೂಲ ಅದು.

"ಯಾಕಕ್ಕ, ಗುಲಾಬಿ ಇಲ್ವಾ?" ಎಂದೆ.

ಅವಳ ಹಿಂದಿನ ಕಿಟಕಿಯಲ್ಲಿ ಬೇಲಿ ಕಾಣಿಸುತ್ತಿತ್ತು. ಇಫೋಮಾರ ಗುಲಾಬಿ ಈ ವಸಂತಕ್ಕೆ ಬೇಲಿ ದಾಟಿ ನಮ್ಮ ಕಡೆಗೇ ಬಾಗಿ, ಗೊಂಚಲು ಗೊಂಚಲಾಗಿ ಅರಳಿ ನಿಂತಿತ್ತು.

"ಇದೆ" ಎಂದಳು ಅಕ್ಕ. ಇನ್ನೊಂದು ಸಲ ಅಕ್ಷತೆ ಹಾಕಿದಳು.